ಆರಾಮದೀನಿ ಅಂತ ಬರೆದ ವೆನಿಸ್ ಹುಡುಗ

ಅಕ್ಕನ ಮಗ ಪುಣೆಗೆ ಹೋಗಿ ಮೂರು ತಿಂಗಳಾಯಿತು. ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ್ದೇ ತಡ, ಕೊಳಕೂರಿನಿಂದ ಕಲಬುರಗಿಗೆ ಬಸ್ಸು ಹಿಡಿದು, ಅಲ್ಲಿಂದ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಹೋದ. ವಯಸ್ಸು ಹದಿನಾರು. ದಿನಾ ರಾತ್ರಿ ಒಂಬತ್ತಕ್ಕೆ ಅಕ್ಕ ಫೋನ್ ಹಚ್ಚುತ್ತಾಳೆ. ನಾನು ಬದಿಗೆ ಕೂತಿದ್ದರೆ ಸ್ಪೀಕರ್ ಹಾಕುತ್ತಾಳೆ.

‘ಹೆಂಗದೀ?’

‘ಆರಾಮದೀನಿ.’

‘ಉಂಡಿ?’

‘ಉಂಡೀನಿ.’

‘ಮಂದಿ ಚಲೋ ಅದಾರ?’

‘ಚಲೋ ಅದಾರ ಬೇ.’

ಮಾತು ಮುಗೀತು. ಫೋನ್ ಕೆಳಗಿಟ್ಟು ಅಕ್ಕ ನನ್ನ ಮುಖ ನೋಡುತ್ತಾಳೆ. ತಮ್ಮ ನಾಕಕ್ಷರ ಓದಿದವ, ಈ ಮೂರು ಮಾತಿನ ಒಳಗ ಏನದ ಅಂತ ಬಿಡಿಸಿ ಹೇಳಲಿ ಅನ್ನುವ ನೋಟ ಅದು. ನಾನು ಮನೂಚಿಯನ್ನು ಮತ್ತೆ ಕೈಗೆತ್ತಿಕೊಂಡದ್ದು ಆ ನೋಟದಿಂದ ತಪ್ಪಿಸಿಕೊಳ್ಳಲಿಕ್ಕೆ. ಖರೆ ಹೇಳಬೇಕಂದ್ರ ಅಲ್ಲಿಯೂ ತಪ್ಪಿಸಿಕೊಳ್ಳಲು ಆಗಲಿಲ್ಲ.

ನಿಕೊಲೊ ಮನೂಚಿ ಇಟಲಿಯ ವೆನಿಸ್ ಪಟ್ಟಣದವ. ಮೊಗಲರ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ದಾರಾ ಶುಕೋ ಸೋತ ಬಗೆ, ಔರಂಗಜೇಬನ ಕಪಟ, ಜನಾನಾದ ಒಳಗಿನ ಗುಸುಗುಸು, ಇಂಥವಕ್ಕೆಲ್ಲ ಇತಿಹಾಸದ ಪುಸ್ತಕಗಳು ಇವನನ್ನು ಸಾಕ್ಷಿ ಕರೆಯುತ್ತವೆ. ಕರೆದು, ಕೂಡಲೇ, ‘ಆದರೆ ಈತನ ಮಾತು ಪೂರಾ ನಂಬಬೇಡಿ’ ಎಂದು ಒಂದು ಸಾಲು ಸೇರಿಸುತ್ತವೆ. ಪುಸ್ತಕದ ಹೆಸರು ‘ಸ್ತೋರಿಯಾ ದೊ ಮೊಗೋರ್’. ಅದನ್ನು ಪೂರ್ತಿಯಾಗಿ ಇಂಗ್ಲಿಷಿಗೆ ತಂದವನು ವಿಲಿಯಂ ಇರ್ವಿನ್. 1907-08ರಲ್ಲಿ ನಾಲ್ಕು ದಪ್ಪ ಸಂಪುಟಗಳಾಗಿ ಬಂತು. 1913ರಲ್ಲಿ ಅದರ ಸಂಕ್ಷಿಪ್ತ ರೂಪವೊಂದು ‘ಎ ಪೆಪಿಸ್ ಆಫ್ ಮೊಗಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಬಂತು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳನ್ನು ತಿರುವಿದವರಿಗೆ ವಿದೇಶಿ ಪ್ರವಾಸಿಗರು ಅಪರಿಚಿತರಲ್ಲ. ಆದರೆ ಮನೂಚಿಯನ್ನು ಆ ಸಾಲಿನಲ್ಲಿ ನಿಲ್ಲಿಸುವುದಕ್ಕೇ ನನ್ನ ತಕರಾರು. ಇವನು ಪ್ರವಾಸಿ ಅಲ್ಲ. ಗುಳೆ ಬಂದವನು.

ವ್ಯತ್ಯಾಸ ಏನು ಅಂತೀರಿ? ವಿಜಯನಗರ ನೋಡಿದ ನಿಕೊಲೊ ಕೊಂಟಿ ಕೂಡ ವೆನಿಸ್‌ನವನೇ. ಅವನು ತಿರುಗಿ ಹೋದ. 1623ರಲ್ಲಿ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ರೋಮಿನ ದೊಡ್ಡ ಮನೆತನದವನು. ಅವನೂ ನೋಡಿಕೊಂಡು, ಬರೆದುಕೊಂಡು, ತಿರುಗಿ ಹೋದ. ಹೋಗಿ ಹೇಳಬೇಕು ಅಂತಲೇ ನೋಡುವವನ ಕಣ್ಣು ಬೇರೆ. ಮನೂಚಿ 1653ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಮನೆ ಬಿಟ್ಟ. ಅರವತ್ತು ವರ್ಷಕ್ಕೂ ಮಿಕ್ಕಿ ಬದುಕು ಈ ಕಡೆಯೇ ಕಳೆದು, ಇಲ್ಲೇ ಸತ್ತ. ಅವನಿಗೆ ಇಲ್ಲಿ ಇರೋದೇ ಕೆಲಸವಾಗಿತ್ತು. ಹಂಗಾಗಿ ಅವನ ಪುಸ್ತಕವನ್ನು ಬಾದಶಹರ ಚರಿತ್ರೆ ಅಂತ ಓದಿದರೆ ಸಿಗೋದು ಒಂದು, ಗುಳೆ ಬಂದ ಹುಡುಗನ ಪತ್ರ ಅಂತ ಓದಿದರೆ ಸಿಗೋದು ಮತ್ತೊಂದು. ನಾನು ಎರಡನೆಯ ರೀತಿ ಓದಿದೆ.

ಲೋಕ ನೋಡಬೇಕು ಅಂತ ಅವನಿಗೆ ಭಾಳ ಆಸೆ. ಅಪ್ಪ ಬಿಡಲಿಲ್ಲ. ಬಂದರಿನಲ್ಲಿ ಹೊರಡಲು ನಿಂತಿದ್ದ ಒಂದು ಹಡಗಿನಲ್ಲಿ ಅಡಗಿ ಕೂತ. ಅದರಲ್ಲಿ ಹೆನ್ರಿ ಬಾರ್ಡ್ ಎಂಬ ಇಂಗ್ಲಿಷ್ ಸರದಾರನಿದ್ದ. ಲಾರ್ಡ್ ಬೆಲ್ಲೊಮಾಂಟ್ ಅಂತ ಬಿರುದು. ಇಂಗ್ಲೆಂಡಿನಲ್ಲಿ ರಾಜನ ತಲೆ ತೆಗೆದು ಕೆಲವೇ ವರ್ಷ ಆಗಿತ್ತು. ದೇಶಭ್ರಷ್ಟನಾಗಿದ್ದ ರಾಜಕುಮಾರ ಎರಡನೇ ಚಾರ್ಲ್ಸ್‌ನ ಪರವಾಗಿ ಸಹಾಯ ಕೇಳಲು ಈತ ಪರ್ಶಿಯಾದ ಶಹಾ ಮತ್ತು ಮೊಗಲ ಬಾದಶಹನ ಹತ್ತಿರ ಹೊರಟಿದ್ದ. ಹುಡುಗನ ಮೇಲೆ ಕರುಣೆ ಬಂದು ತನ್ನ ಆಳಾಗಿ ಇಟ್ಟುಕೊಂಡ. ಅಂದರೆ ಓಡಿಹೋದ ಹುಡುಗನಿಗೆ ಮೊದಲು ಸಿಕ್ಕ ಧಣಿಯೇ ದೇಶ ಕಳೆದುಕೊಂಡವರ ಕಡೆಯವನು. ಮನೂಚಿ ಇದನ್ನು ಹೇಳುತ್ತಾನೆ, ಅದರ ವಿಚಿತ್ರವನ್ನು ಮಾತ್ರ ಗಮನಿಸಿದಂತಿಲ್ಲ. ಗಮನಿಸುವ ವಯಸ್ಸೂ ಅಲ್ಲ ಅದು.

ಸ್ಮಿರ್ನಾದಲ್ಲಿ ಇಳಿದು ತುರ್ಕಿಯ ನೆಲ ದಾಟಿ, ತಬ್ರೀಜ್ ಹಾದು, ಇಸ್ಫಹಾನ್ ಸೇರಿದರು. ಶಹಾ ಇಂದು ನಾಳೆ ಅನ್ನುತ್ತ ಕಾಯಿಸಿದ. ದೊಡ್ಡವರು ಹೀಗೆ ದರಬಾರಿನ ಬಾಗಿಲಲ್ಲಿ ದಿನ ಎಣಿಸುತ್ತಿದ್ದಾಗ ಹುಡುಗ ತುರ್ಕಿ ಕಲಿತ, ಪರ್ಶಿಯನ್ ಕಲಿತ. ಪುಸ್ತಕದ ಈ ಭಾಗ ಓದುವಾಗ ನನಗೆ ನಗು ಬಂತು. ಯಾಕಂದ್ರ ನಾನೂ ಹದಿನೈದರಲ್ಲಿ ಪುಣೆಯ ಒಂದು ಕಟ್ಟಡದ ಕೆಲಸಕ್ಕೆ ಹೋಗಿ ಎಂಟು ತಿಂಗಳು ಇದ್ದವನು. ಮರಾಠಿ ಹೇಗೆ ಕಲಿತೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲು ಬಂದದ್ದು ಬೈಗುಳ, ಆಮೇಲೆ ಎಣಿಕೆ, ಆಮೇಲೆ ಊಟದ ಮಾತು. ವ್ಯಾಕರಣ ಕೊನೆಗೂ ಬರಲಿಲ್ಲ. ಮನೂಚಿಯೂ ಹೇಗೆ ಕಲಿತೆ ಅಂತ ಬಿಡಿಸಿ ಹೇಳುವುದಿಲ್ಲ, ಕಲಿತೆ ಅಂತ ಹೇಳಿ ಮುಂದೆ ಹೋಗುತ್ತಾನೆ. ಅದು ಅವನ ಬರವಣಿಗೆಯ ದೋಷ ಅಂತ ಪ್ರೊಫೆಸರರು ಅನ್ನಬಹುದು. ನನಗೆ ಮಾತ್ರ ಅವನು ಅಲ್ಲಿ ಸುಳ್ಳು ಹೇಳ್ತಿಲ್ಲ ಅನ್ನಿಸಿತು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಆ ಹುಡುಗ ಇಸ್ಫಹಾನಿನಲ್ಲಿ ಕಲಿತ ಮಾತಿನ ಒಂದು ಪಾಲು ನಮ್ಮ ಜೇವರ್ಗಿ ತಹಶೀಲ್ ಕಚೇರಿಯಲ್ಲಿ ಇವತ್ತೂ ನಡೆಯುತ್ತದೆ. ಅರ್ಜಿ, ಜಮೀನು, ಸರಕಾರ, ದಸ್ತಾವೇಜು, ದಫ್ತರ. ಮನೂಚಿಯನ್ನು ಹಿಡಿದು ತಂದು ನಮ್ಮ ಕಚೇರಿಯ ಪಡಸಾಲೆಯಲ್ಲಿ ನಿಲ್ಲಿಸಿದರೆ ಬೆಂಗಳೂರಿನಿಂದ ವರ್ಗವಾಗಿ ಬಂದ ನೌಕರನಿಗಿಂತ ಅವನಿಗೇ ಹೆಚ್ಚು ತಿಳಿಯಬಹುದೇನೋ.

1656ರ ಜನವರಿಯಲ್ಲಿ ಸೂರತ್ತಿನಲ್ಲಿ ಇಳಿದರು. ಇಲ್ಲಿ ಬರುವ ಒಂದು ಪುಟ, ನನ್ನ ಮಟ್ಟಿಗೆ, ನಾಲ್ಕೂ ಸಂಪುಟಗಳಲ್ಲಿ ಶ್ರೇಷ್ಠವಾದದ್ದು. ಬೀದಿಯಲ್ಲಿ ಯಾರನ್ನು ನೋಡಿದರೂ ಬಾಯಿಂದ ಕೆಂಪಗೆ ಉಗುಳುತ್ತಿದ್ದಾರೆ. ಹುಡುಗ ಗಾಬರಿಯಾದ. ಇದು ಈ ದೇಶದ ರೋಗವೋ, ಇಲ್ಲಾ ಇವರೆಲ್ಲರ ಹಲ್ಲು ಮುರಿದಿವೆಯೋ ಅಂದುಕೊಂಡ. ಒಬ್ಬ ಇಂಗ್ಲಿಷ್ ಹೆಣ್ಣುಮಗಳನ್ನು ಕೇಳಿದ. ಅವಳು ಇದು ರೋಗ ಅಲ್ಲಪ್ಪ, ವೀಳ್ಯದೆಲೆ ಅಂತ ಹೇಳಿ ಅವನಿಗೂ ಒಂದು ಕೊಟ್ಟಳು. ಬಾಯಿಗೆ ಹಾಕಿಕೊಂಡದ್ದೇ ತಲೆ ತಿರುಗಿ, ಮುಖ ಬಿಳಿಚಿ, ಸತ್ತೇ ಹೋದೆ ಅಂತ ನೆಲಕ್ಕೆ ಬಿದ್ದ. ಅವಳು ಬಾಯಿಗೆ ಉಪ್ಪು ಹಾಕಿ ಎಚ್ಚರ ತಂದಳು.

ಎಲಿ-ಅಡಿಕಿ ಇಲ್ಲದ ಮನೆ ನಮ್ಮ ಕಡೆ ಯಾವುದದ ಹೇಳ್ರಿ? ಇದನ್ನು ಓದಿ ಹೇಳಿದಾಗ ಅಕ್ಕ ಹೊಟ್ಟೆ ಹಿಡಕೊಂಡು ನಕ್ಕಳು. ಆದರೆ ನಗುವಿನ ಹಿಂದೆ ಏನಿದೆ ನೋಡ್ರಿ. ಹೊಸ ಊರಿಗೆ ಬಂದವನಿಗೆ ಮೊದಲು ಕಾಣುವುದು ಕೋಟೆಯೂ ಅಲ್ಲ, ದರಬಾರೂ ಅಲ್ಲ. ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿಲ್ಲದ ಒಂದು ಸಣ್ಣ ಸಂಗತಿ ಕಾಣುತ್ತದೆ. ಅವನು ಅದಕ್ಕೆ ಅಂಜುತ್ತಾನೆ, ಕೇಳುತ್ತಾನೆ, ಬಾಯಿಗೆ ಹಾಕಿಕೊಳ್ಳುತ್ತಾನೆ, ಬೀಳುತ್ತಾನೆ. ಅರವತ್ತು ದಾಟಿದ ಮುದುಕ ಮದ್ರಾಸಿನಲ್ಲಿ ಕೂತು ಇದನ್ನು ಬರೆಸುವಾಗ ದಿನಕ್ಕೆ ಎಷ್ಟು ಎಲೆ ತಿನ್ನುತ್ತಿದ್ದನೋ ಏನೋ. ಆದರೂ ಆ ಹದಿನೇಳರ ಹುಡುಗ ನೆಲಕ್ಕೆ ಬಿದ್ದದ್ದನ್ನು ಮರೆತಿಲ್ಲ, ಮುಚ್ಚಿಟ್ಟೂ ಇಲ್ಲ. ಪುಸ್ತಕ ಪೂರ್ತಿ ಹೀಗೇ ಇದ್ದಿದ್ದರೆ ಅದು ಬೇರೆಯದೇ ಪುಸ್ತಕ ಆಗುತ್ತಿತ್ತು. ಹೀಗಿಲ್ಲ. ಅದೇ ನನ್ನ ಮುಖ್ಯ ದೂರು, ಅದಕ್ಕೆ ಬರ್ತೀನಿ.

ಸೂರತ್ತಿನಿಂದ ಬುರಹಾನಪುರ, ಗ್ವಾಲಿಯರ್ ಮೇಲೆ ಹಾದು ಆಗ್ರಾಕ್ಕೆ ಬಂದರು. ಆಗ್ರಾದಿಂದ ದಿಲ್ಲಿಗೆ ಹೋಗುವ ದಾರಿಯಲ್ಲಿ ಹೋಡಲ್ ಅಂತ ಒಂದು ಊರು. 1656ರ ಜೂನ್ 20. ಉತ್ತರದ ಜೂನ್ ಬಿಸಿಲು ಅಂದರೆ ನಮ್ಮ ಕಲಬುರಗಿ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಲಾರ್ಡ್ ಬೆಲ್ಲೊಮಾಂಟ್ ಇದ್ದಕ್ಕಿದ್ದಂತೆ ಸತ್ತ. ಕೆರೆಯ ದಂಡೆಯಲ್ಲಿ ಹೂಳಿದರು. ಹುಡುಗನಿಗೆ ಧಣಿ ಹೋದ, ಕೆಲಸ ಹೋಯಿತು, ಬಂದ ಕಾರಣವೂ ಹೋಯಿತು.

ಆಮೇಲೆ ಏನಾಯಿತು ಅನ್ನೋದು ಮುಖ್ಯ. ಮೊಗಲರ ಚಾಕರಿಯಲ್ಲಿದ್ದ ಇಬ್ಬರು ಇಂಗ್ಲಿಷರು ಬಂದರು. ಬಾದಶಹನ ಹುಕುಂ ಇದೆ ಅಂತ ಹೇಳಿ ಸತ್ತವನ ಸಾಮಾನೆಲ್ಲ ವಶ ಮಾಡಿಕೊಂಡರು. ಹುಡುಗ ತನ್ನ ಸ್ವಂತದ್ದನ್ನಾದರೂ ಕೊಡಿ ಅಂತ ಬೇಡಿದರೆ ಸುಮ್ಮನಿರು ಅಂದರು. ಗಮನಿಸಿರಿ, ಪರದೇಶದಲ್ಲಿ ಅವನ ಗಂಟಿಗೆ ಮೊದಲು ಕೈ ಹಾಕಿದವರು ಆ ದೇಶದವರಲ್ಲ. ತನ್ನಂಥದೇ ಟೊಪ್ಪಿಗೆ ಹಾಕುವ ಮಂದಿ.

ಈ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ಚಹಾ ಕುಡಿದು ಬಂದೆ. ಪುಣೆಯಲ್ಲಿ ನನ್ನ ಎರಡು ತಿಂಗಳ ಪಗಾರ ಇಟ್ಟುಕೊಂಡವನು ಮರಾಠಿಯವನಲ್ಲ. ನಮ್ಮ ಕಡೆಯವನೇ ಮುಕಾದಮ, ನಮ್ಮದೇ ಮಾತು, ನಮ್ಮವ್ವನಿಗೆ ‘ಯಕ್ಕಾ, ಪಾರನ್ನ ನಾ ನೋಡ್ಕೋತೀನಿ’ ಅಂತ ಹೇಳಿ ಕರಕೊಂಡು ಹೋದವನು. ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ ನಾನು ಇದನ್ನು ಬರೆಯಲಿಲ್ಲ. ‘ನಾನು ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು’ ಅಂತ ಬರೆದೆ. ಮನೂಚಿ ಬರೆದ. ಸಿಟ್ಟಿನಿಂದಲೇ ಬರೆದ, ನಲವತ್ತು ವರ್ಷ ದಾಟಿದ ಮೇಲೂ ಸಿಟ್ಟು ಇಳಿದಿಲ್ಲ. ಅದಕ್ಕೆ ಅವನಿಗೆ ಒಂದು ನಮಸ್ಕಾರ.

ಅವನು ಸುಮ್ಮನೆ ಅಳುತ್ತ ಕೂಡಲಿಲ್ಲ. ಸಾಮಾನಿನ ಹಿಂದೆ ಹಿಂದೆ ದಿಲ್ಲಿಗೆ ಹೋದ. ವಜೀರನ ಮುಂದೆ ನಿಂತ. ಹೋಗುವಾಗ ಏನು ಉಟ್ಟಿದ್ದ ಅನ್ನೋದನ್ನು ಬಣ್ಣದ ಸಮೇತ ಹೇಳುತ್ತಾನೆ. ತುರ್ಕಿಯವರ ವೇಷ, ತಲೆಗೆ ಕೆಂಪು ಮಖಮಲ್ಲಿನ ರುಮಾಲು. ಎಲ್ಲಿಯ ವೆನಿಸ್, ಎಲ್ಲಿಯ ತುರ್ಕಿ! ವೆನಿಸ್‌ಗೂ ತುರ್ಕರಿಗೂ ಆಗ ಕ್ರೀಟ್ ದ್ವೀಪಕ್ಕಾಗಿ ಯುದ್ಧವೇ ನಡೆದಿತ್ತು. ಶತ್ರುವಿನ ಬಟ್ಟೆ ಹಾಕಿಕೊಂಡು, ದಾರಿಯಲ್ಲಿ ಕಲಿತ ಭಾಷೆಯಲ್ಲಿ, ಮೂರನೆಯ ದೇಶದ ವಜೀರನಿಗೆ, ದರಬಾರಿನ ಪದ್ಧತಿಯಂತೆಯೇ ಸಲಾಮು ಮಾಡಿ, ನನ್ನ ಸಾಮಾನು ನನಗೆ ಕೊಡಿಸಿ ಅಂತ ಕೇಳಿದ. ಸ್ವಲ್ಪವಾದರೂ ದಕ್ಕಿತು. ವಲಸೆ ಬಂದವರು ‘ಹೊಂದಿಕೊಂಡರು’ ಅಂತ ನಾವು ಸುಲಭವಾಗಿ ಬರೆಯುತ್ತೇವಲ್ಲ, ಆ ಮಾತಿನ ಒಳಗೆ ಏನೇನು ಇರುತ್ತದೆ ಅನ್ನೋದಕ್ಕೆ ಈ ಒಂದು ದೃಶ್ಯ ಸಾಕು. ವೇಷ, ಭಾಷೆ, ಸಲಾಮು ಮೂರೂ ಸರಿಯಾಗಿದ್ದರೆ ಮಾತ್ರ ನಿನ್ನದು ನಿನಗೆ, ಅದೂ ಅರ್ಧ.

ದಾರಾ ಶುಕೋ ಅವನನ್ನು ಫಿರಂಗಿ ದಳಕ್ಕೆ ಸೇರಿಸಿಕೊಂಡ. ತಿಂಗಳಿಗೆ 80 ರೂಪಾಯಿ ಸಂಬಳ. ಅದೇ ಹೊತ್ತಿಗೆ ದಾರಾನ ತಮ್ಮ ಔರಂಗಜೇಬ ದಖ್ಖನಿನ ಸುಭೇದಾರನಾಗಿ ನಮ್ಮ ಸೀಮೆಯಲ್ಲಿದ್ದ. 1657ರಲ್ಲಿ ಬೀದರ ಕೋಟೆ ಬಿತ್ತು, ಕಲ್ಯಾಣ ಬಿತ್ತು. ಮರುವರ್ಷ ಮೇ ತಿಂಗಳಲ್ಲಿ ಸಾಮೂಗಢದಲ್ಲಿ ಅಣ್ಣ ತಮ್ಮ ಎದುರಾದರು, ದಾರಾ ಸೋತ. ಮನೂಚಿ ಸೋತ ಧಣಿಯ ಹಿಂದೆ ಲಾಹೋರು, ಮುಲ್ತಾನು ಅಂತ ಅಲೆದ, ಭಕ್ಕರ್ ಕೋಟೆಯಲ್ಲಿ ಕೊನೆವರೆಗೆ ಇದ್ದ. ದಾರಾನ ಕೊಲೆಯಾದ ಮೇಲೆ ಗೆದ್ದವನ ಚಾಕರಿ ಒಲ್ಲೆ ಅಂದ. ಯುದ್ಧದ ವರ್ಣನೆ ಎಲ್ಲರೂ ಉದ್ಧರಿಸುವ ಭಾಗ, ನಾನು ಬಿಡುತ್ತೇನೆ. ಇಪ್ಪತ್ತೊಂದರ ಪರದೇಶಿ ಹುಡುಗನೊಬ್ಬ ಗೆದ್ದೆತ್ತಿನ ಬಾಲ ಹಿಡಿಯಲಿಲ್ಲ ಅನ್ನೋದಷ್ಟು ನೆನಪಿರಲಿ. ಅವನನ್ನು ಬರೀ ಹೊಟ್ಟೆಪಾಡಿನವನು ಅಂತ ತಳ್ಳಿಹಾಕುವವರು ಈ ಪುಟ ಮರೆಯುತ್ತಾರೆ.

ಮುಂದೆ ಲಾಹೋರಿನಲ್ಲಿ ವೈದ್ಯನಾದ. ಓದಿದವನಲ್ಲ. ಫರಂಗಿ ಅಂದರೆ ವೈದ್ಯಕಿ ಬಲ್ಲವನು ಅಂತ ಮಂದಿ ನಂಬಿದ್ದರು, ಇವನು ಇಲ್ಲ ಅನ್ನಲಿಲ್ಲ. ಹುಕ್ಕಾದ ಕೊಳವೆ ಕತ್ತರಿಸಿ ಎನಿಮಾ ಕೊಡುವ ಸಾಧನ ಮಾಡಿಕೊಂಡದ್ದನ್ನು ತಾನೇ ನಗುತ್ತ ಹೇಳುತ್ತಾನೆ. ನಡುವೆ ಜೈಪುರದ ಕಡೆಯ ರಾಜಾ ಜೈಸಿಂಗನ ಫಿರಂಗಿ ದಳದಲ್ಲಿ ಚಾಕರಿ ಮಾಡಿದ, ಅವನ ಜೊತೆ ಇಸ್ಪೀಟು ಆಡಿದ. 1665ರಲ್ಲಿ ಪುರಂದರದ ಹತ್ತಿರದ ಬಿಡಾರದಲ್ಲಿ ಶಿವಾಜಿಯನ್ನು ಕಂಡು ಮಾತಾಡಿದ. ಯುರೋಪಿನಲ್ಲಿ ಪೋರ್ಚುಗಲ್ ಬಿಟ್ಟು ಬೇರೆ ರಾಜರೂ ಇದ್ದಾರೆ ಅಂತ ತಾನು ವಿವರಿಸಿದ್ದಾಗಿ ಬರೆಯುತ್ತಾನೆ. ಅದೇ ಜೈಸಿಂಗ್ ಮುಂದೆ ಬಿಜಾಪುರದ ಮೇಲೆ ದಂಡೆತ್ತಿ ಬಂದು ಕೈ ಸುಟ್ಟುಕೊಂಡು ಹೋದ.

ಇಲ್ಲಿಂದ ಪುಸ್ತಕದ ದನಿ ಬದಲಾಗುತ್ತದೆ, ನನ್ನ ದೂರು ಇರೋದು ಇಲ್ಲೇ. ಸೂರತ್ತಿನಲ್ಲಿ ನೆಲಕ್ಕೆ ಬಿದ್ದ ಹುಡುಗ ಮಾಯ. ಅವನ ಜಾಗದಲ್ಲಿ ಎಲ್ಲ ಬಲ್ಲವನೊಬ್ಬ ಬಂದು ಕೂಡುತ್ತಾನೆ. ಪ್ರತಿ ಕಥೆಯಲ್ಲೂ ಅವನೇ ಜಾಣ, ಅವನೇ ಧೈರ್ಯವಂತ. ಆಗ್ರಾದಲ್ಲಿ ಒಬ್ಬ ಅರ್ಮೇನಿಯನ್ ಗೆಳೆಯನ ಜೊತೆ ಸೇರಿ ಸತಿ ಹೋಗುತ್ತಿದ್ದ ಹೆಣ್ಣುಮಗಳನ್ನು ಪಾರು ಮಾಡಿದೆ ಅನ್ನುತ್ತಾನೆ. ಆಗಿರಬಹುದು. ಆದರೆ ಅವಳ ಮುಖ, ಅವಳ ಮಾತು, ಒಂದೂ ಇಲ್ಲ. ಸೂರತ್ತಿನಲ್ಲಿ ತನ್ನ ಬಾಯಿಗೆ ಉಪ್ಪು ಹಾಕಿದ ಹೆಣ್ಣುಮಗಳು ಕಣ್ಣಿಗೆ ಕಟ್ಟುತ್ತಾಳೆ, ಬೆಂಕಿಯಿಂದ ಎಳೆದು ತಂದವಳು ಕಾಣುವುದೇ ಇಲ್ಲ. ಹಿಂದೂಗಳ ಆಚಾರದ ಬಗ್ಗೆ ಬರೆದ ಭಾಗವಂತೂ ತಿರಸ್ಕಾರದ ರಾಶಿ. ಐವತ್ತು ವರ್ಷ ಯಾರ ನಡುವೆ ಉಂಡು ಮಲಗಿದನೋ ಅವರನ್ನು ಹಡಗಿನಿಂದ ನಿನ್ನೆ ಇಳಿದವನಂತೆ ಹೀಯಾಳಿಸುತ್ತಾನೆ. ಅಲ್ಲ, ನಿನ್ನೆ ಇಳಿದವನು ಹಾಗೆ ಮಾಡಲಿಲ್ಲವಲ್ಲ. ಆಗ ಅವನು ಕೇಳಿದ್ದ, ಬಾಯಿಗೆ ಹಾಕಿಕೊಂಡು ನೋಡಿದ್ದ.

ಇತಿಹಾಸಕಾರರ ದೂರು ಬೇರೆ. ಇಸವಿ ತಪ್ಪಿವೆ, ಬಜಾರದ ಸುದ್ದಿಯನ್ನು ಕಂಡಂತೆ ಬರೆದಿದ್ದಾನೆ ಅಂತ. ಇರ್ವಿನ್ನನ ಅಡಿಟಿಪ್ಪಣಿಗಳು ಮಾಸ್ತರರ ಕೆಂಪು ಪೆನ್ನಿನಂತೆ ಅಲ್ಲಲ್ಲಿ ತಿದ್ದುತ್ತ ಹೋಗುತ್ತವೆ. ಆ ತಪ್ಪುಗಳು ನನಗೆ ದೊಡ್ಡವು ಅನ್ನಿಸುವುದಿಲ್ಲ. ದೊಡ್ಡದು ಯಾವುದಂದರೆ ಇದು. ಬಂದವನು ಒಮ್ಮೆ ನೆಲೆ ಕಂಡನೆಂದರೆ ತಾನು ಬಂದವನು ಅನ್ನೋದನ್ನೇ ಒರೆಸಿ ಹಾಕುತ್ತಾನೆ. ಪುಣೆಯಲ್ಲಿ ಹತ್ತು ವರ್ಷ ಇದ್ದು ಜಾತ್ರೆಗೆ ಬರುವ ನಮ್ಮೂರಿನವರ ಮಾತು ಕೇಳಿದ್ದೀರಿ? ಕರಿ ಕನ್ನಡಕ, ಕೈಯಲ್ಲಿ ದೊಡ್ಡ ಮೊಬೈಲು, ‘ಅಲ್ಲಿ ಎಲ್ಲ ಫಸ್ಟ್ ಕ್ಲಾಸ್, ಬರೋಬ್ಬರಿ ಅದ’. ಹೊಸದಾಗಿ ಬಂದ ಬಿಹಾರದ ಹುಡುಗರ ಬಗ್ಗೆ ಕೇಳಿ ನೋಡಿ, ಎಂಥ ತಾತ್ಸಾರ! ಮನೂಚಿಯ ಎರಡನೆಯ, ಮೂರನೆಯ ಸಂಪುಟ ಆ ಜಾತ್ರೆಯ ಮಾತಿನ ಹಾಗಿವೆ. ನಾಲ್ಕು ಸಂಪುಟ ತುಂಬ ‘ಆರಾಮದೀನಿ’.

ಅಂದ ಮೇಲೆ ಅವನು ಆರಾಮ ಇರಲಿಲ್ಲ ಅನ್ನೋದು ಎಲ್ಲಿ ಗೊತ್ತಾಗುತ್ತದೆ? ಎಳೆ ತಪ್ಪಿದ ಕಡೆ. ತಿರುಗಿ ಹೋಗಬೇಕು ಅನ್ನುವ ಮಾತು ನಡುನಡುವೆ ಬರುತ್ತದೆ. ಮೊಗಲರ ಸೀಮೆ ಸಾಕಾಗಿ ಪೋರ್ಚುಗೀಸರ ಕಡೆ ಹೋಗಿ, ಈಗ ಮುಂಬಯಿಯೊಳಗೆ ಸೇರಿದ ಬಾಂದ್ರಾದಲ್ಲಿ ನೆಲೆ ನಿಲ್ಲಲು ನೋಡುತ್ತಾನೆ. ವ್ಯಾಪಾರಕ್ಕೆ ಹಾಕಿದ ರೊಕ್ಕವೆಲ್ಲ ಮುಳುಗುತ್ತದೆ, ಮತ್ತೆ ಮೊಗಲರ ಕಡೆಗೇ ಬರುತ್ತಾನೆ. ಔರಂಗಜೇಬನ ಮಗ ಶಾಹ ಆಲಂನ ಬಿಡಾರದಲ್ಲಿ ವೈದ್ಯನಾಗಿ ವರ್ಷಗಟ್ಟಲೆ ಇದ್ದು, ಬಿಡುಗಡೆ ಸಿಗದೆ, ಕೊನೆಗೆ ಗೋಲ್ಕೊಂಡದ ಮೇಲಿಂದ ತಪ್ಪಿಸಿಕೊಂಡು 1686ರಲ್ಲಿ ಮದ್ರಾಸು ಸೇರುತ್ತಾನೆ. ಅದೇ ವರ್ಷ ಬಿಜಾಪುರ ಬಿತ್ತು. ಈಗಲಾದರೂ ಯುರೋಪಿಗೆ ಹೋಗಬೇಕು ಅಂದಾಗ ಪಾಂಡಿಚೇರಿಯ ಫ್ರೆಂಚ್ ಅಧಿಕಾರಿ ಫ್ರಾಂಸ್ವಾ ಮಾರ್ತಿನ್ ಬೇಡ ಅಂದ. ಇಷ್ಟು ವರ್ಷ ಇಲ್ಲಿಯ ರೀತಿಗೆ ಒಗ್ಗಿದವನಿಗೆ ಆ ಕಡೆ ಬದುಕು ಆಗಲಿಕ್ಕಿಲ್ಲ, ಇಲ್ಲೇ ಮದುವೆಯಾಗು ಅಂತ ಬುದ್ಧಿ ಹೇಳಿದ. ಆಗಲೇ ಒಬ್ಬ ವಿಧವೆಯನ್ನು ಮದುವೆಯಾಗಿ ಮದ್ರಾಸಿನವನಾದ. ಹದಿನಾಲ್ಕರಲ್ಲಿ ಅಪ್ಪ ಹೋಗಬೇಡ ಅಂದ, ಹೋದ. ಐವತ್ತರ ಹತ್ತಿರ ಬಂದಾಗ ಪರರು ಹೋಗಬೇಡ ಅಂದರು, ನಿಂತ. ಮನೂಚಿ ಇದಕ್ಕೆ ಕೊಡುವುದು ಕೆಲವೇ ಸಾಲು. ಜೈಸಿಂಗನ ಇಸ್ಪೀಟಿಗೆ ಸಿಕ್ಕ ಜಾಗವೂ ಇದಕ್ಕೆ ಸಿಗಲಿಲ್ಲ.

ಇನ್ನೊಂದು ಕಡೆ ಎಳೆ ತಪ್ಪುವುದು ಭಾಷೆಯಲ್ಲಿ. ಇರ್ವಿನ್ ಒಂದೇ ಇಂಗ್ಲಿಷಿನಲ್ಲಿ ಕೊಟ್ಟಿದ್ದರಿಂದ ನಮಗೆ ಕಾಣದು, ಆದರೆ ಮೂಲ ಹಸ್ತಪ್ರತಿ ಒಂದು ಭಾಷೆಯದ್ದಲ್ಲ. ಸ್ವಲ್ಪ ಇಟಾಲಿಯನ್, ಸ್ವಲ್ಪ ಫ್ರೆಂಚ್, ಸ್ವಲ್ಪ ಪೋರ್ಚುಗೀಸ್. ಬರೆದುಕೊಳ್ಳಲು ಯಾರು ಸಿಕ್ಕರೋ ಅವರ ಭಾಷೆಯಲ್ಲಿ ಹೇಳಿ ಬರೆಸಿದ. ಹದಿನಾಲ್ಕಕ್ಕೆ ಊರು ಬಿಟ್ಟವನ ತಾಯಿಭಾಷೆ ಹದಿನಾಲ್ಕರ ವಯಸ್ಸಿನದೇ ಆಗಿ ಉಳಿಯುತ್ತದೆ. ಆಮೇಲೆ ಕಲಿತ ಭಾಷೆಗಳಲ್ಲಿ ಬದುಕಬಹುದು, ಪುಸ್ತಕ ಬರೆಯೋದು ಕಷ್ಟ. ಇದನ್ನು ಅವನ ಕುಂದು ಅಂತ ಹಲವರು ಎಣಿಸಿದ್ದಾರೆ. ನಾವು ಹೈದರಾಬಾದ್ ಕರ್ನಾಟಕದವರು ಹಾಗೆ ಅನ್ನಬಾರದು. ದವಾಖಾನಿ, ಜಲ್ದಿ, ಖಾಲಿ ಪೀಲಿ ಅಂತ ಮೂರು ಭಾಷೆ ಒಂದೇ ಉಸಿರಿಗೆ ಮಾತಾಡುವ ಮಂದಿ ನಾವು. ನನ್ನ ಪಗಾರ ಇಟ್ಟುಕೊಂಡರು ಅಂದೆನಲ್ಲ, ಆ ‘ಪಗಾರ’ ಪೋರ್ಚುಗೀಸ್ ಮಾತು. ‘ಮೇಸ್ತ್ರಿ’ಯೂ ಅದೇ. ‘ಚಾವಿ’ಯೂ ಅದೇ. ದುಡಿಲಾಕ ಹೋಗುವವನ ಡಿಕ್ಷನರಿಯಲ್ಲಿ ಮೊದಲ ಪುಟದಲ್ಲೇ ಮನೂಚಿಯ ಭಾಷೆ ಅದ.

ಈ ಪುಸ್ತಕಕ್ಕೆ ಒದಗಿದ ಗತಿಯನ್ನೂ ಹೇಳಬೇಕು. 1701ರಲ್ಲಿ ಹಸ್ತಪ್ರತಿಯನ್ನು ಫ್ರೆಂಚ್ ಗೆಳೆಯನೊಬ್ಬನ ಕೈಯಲ್ಲಿ ಪ್ಯಾರಿಸ್ಸಿಗೆ ಕಳಿಸಿದ. ಅದು ಫ್ರಾಂಸ್ವಾ ಕತ್ರೂ ಎಂಬ ಜೆಸುಯಿಟ್ ಪಾದ್ರಿಯ ಕೈಗೆ ಹೋಯಿತು. ಅವನು 1705ರಲ್ಲಿ ಅದನ್ನು ಆಧರಿಸಿ, ಬೇರೆಯವರದ್ದನ್ನೂ ಬೆರೆಸಿ, ಮೊಗಲ ಸಾಮ್ರಾಜ್ಯದ ಚರಿತ್ರೆಯೊಂದನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ. ಬಾದಶಹರು ಉಳಿದರು. ಹಡಗಿನಲ್ಲಿ ಅಡಗಿದ ಹುಡುಗನ ಸ್ವಂತ ಕಥೆಯನ್ನು ಕತ್ರೂ ತೆಗೆದು ಹಾಕಿದ. ಮನೂಚಿ ಕೆಂಡವಾದ. ತನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ವೆನಿಸ್‌ನ ಸೆನೆಟ್‌ಗೆ ಕಳಿಸಿ, ಇದನ್ನು ಅಚ್ಚು ಹಾಕಿಸಿ ಅಂತ ಬೇಡಿದ. ಐವತ್ತು ವರ್ಷದ ಮೇಲೆ ತವರಿಗೆ ಕಳಿಸಿದ ಗಂಟು ಅದು. ವೆನಿಸ್ ಅದನ್ನು ಜೋಪಾನವಾಗಿ ಕಪಾಟಿನಲ್ಲಿ ಇಟ್ಟಿತು, ಅಚ್ಚು ಹಾಕಿಸಲಿಲ್ಲ. ಇನ್ನೂರು ವರ್ಷ ಆದ ಮೇಲೆ ಇರ್ವಿನ್ ಬಂದು ವೆನಿಸ್ ಮತ್ತು ಬರ್ಲಿನ್‌ನ ಪ್ರತಿಗಳನ್ನು ಕೂಡಿಸಿ ಆ ಹುಡುಗನನ್ನು ಹಡಗಿನಿಂದ ಎರಡನೇ ಸಲ ಹೊರಗೆ ತೆಗೆದ. ಇರ್ವಿನ್ ಇಲ್ಲದಿದ್ದರೆ ಎಲೆ ತಿಂದು ಬಿದ್ದ ಪುಟ ನಮಗೆ ಸಿಗುತ್ತಲೇ ಇರಲಿಲ್ಲ.

ಇತ್ತೀಚೆಗೆ ಮನೂಚಿಯನ್ನು ಪರಕೀಯ ಅನ್ನುವ ದೃಷ್ಟಿಯಿಂದ ಓದಿದವರು ಸಂಜಯ್ ಸುಬ್ರಹ್ಮಣ್ಯಂ. ಅವರ ‘ಥ್ರೀ ವೇಸ್ ಟು ಬಿ ಏಲಿಯನ್’ (2011) ಮೂವರು ಪರಕೀಯರ ಬದುಕಿನ ಬಗ್ಗೆ ಇದೆ. ಅದರಲ್ಲಿ ಮನೂಚಿಯ ಜೊತೆ ನಮ್ಮ ನೆರೆಯವನೂ ಒಬ್ಬನಿದ್ದಾನೆ. ಬಿಜಾಪುರದ ಆದಿಲಶಾಹಿ ಮನೆತನದ ರಾಜಕುಮಾರ, ಗೋವೆಯಲ್ಲಿ ಪೋರ್ಚುಗೀಸರ ಅಂಕೆಯಲ್ಲಿ ದಶಕಗಟ್ಟಲೆ ದಿನ ಕಳೆದವನು. ಒಳ್ಳೆಯ ಪುಸ್ತಕ, ಹುಡುಕಿ ಓದಿರಿ. ಆದರೆ ಅಲ್ಲಿಯೂ ಕುತೂಹಲ ಇರೋದು ಬೆಳೆದ ಮನೂಚಿಯ ಬಗ್ಗೆ. ಅವನ ರಾಜಕಾರಣ, ಅವನ ಹಸ್ತಪ್ರತಿಗಳು, ಅವನ ಜಗಳಗಳು. ಹೋಡಲ್‌ನ ಕೆರೆ ದಂಡೆಯ ಹುಡುಗನ ಹತ್ತಿರ ಯಾರೂ ಬಹಳ ಹೊತ್ತು ಕೂಡುವುದಿಲ್ಲ.

ಮನೂಚಿಯ ಒಂದು ಚಿತ್ರ ಇದೆ. ಅವನು ಇಲ್ಲಿಯ ಕಲಾವಿದರಿಂದ ಬರೆಸಿ ಯುರೋಪಿಗೆ ಕಳಿಸಿದ್ದ ಚಿತ್ರಗಳ ಸಂಪುಟವೊಂದನ್ನು ನೆಪೋಲಿಯನ್ನನ 1797ರ ದಂಡಯಾತ್ರೆಯಲ್ಲಿ ವೆನಿಸ್‌ನಿಂದ ಒಯ್ದರು. ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರಲ್ಲಿ ಮನೂಚಿ ನಮ್ಮ ದೇಶದ ನಿಲುವಂಗಿ ತೊಟ್ಟು ಒಬ್ಬ ರೋಗಿಯ ನಾಡಿ ಹಿಡಿದು ನಿಂತಿದ್ದಾನೆ. ಕಸುಬು ಕಲಿಯದೆ ಕಸುಬುದಾರನಾದವನ ಗತ್ತು ಮುಖದಲ್ಲಿದೆ. ವೆನಿಸ್‌ನಲ್ಲಿ ಯಾರಾದರೂ ಈ ಚಿತ್ರ ನೋಡಿ ‘ಹುಡುಗ ಆರಾಮದಾನ’ ಅಂದಿರಬೇಕು. ಅಕ್ಕನ ಮಗನೂ ಮೊನ್ನೆ ಒಂದು ಫೋಟೋ ಕಳಿಸಿದ್ದ. ಯಾರದೋ ಬೈಕಿಗೆ ಒರಗಿ ನಿಂತದ್ದು.

ಕನ್ನಡಕ್ಕೆ ಮನೂಚಿ ಪೂರಾ ಬರಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ವೆನಿಸ್‌ನಿಂದ ದಾರಾನ ಸಾವಿನವರೆಗಿನ ಭಾಗ ಸಾಕು. ಬೇಕಾದರೆ ಮದ್ರಾಸಿನ ಕೆಲವು ಪುಟ. ಆ ಅನುವಾದವೂ ಬೆಂಗಳೂರಿನ ಪುಸ್ತಕದ ಕನ್ನಡದಲ್ಲಿ ಬ್ಯಾಡ, ಒಂದಿಷ್ಟು ಫಾರಸಿ, ಒಂದಿಷ್ಟು ಮರಾಠಿ ಹತ್ತಿದ ನಮ್ಮ ಕಡೆಯ ಮಾತಿನಲ್ಲಿ ಆಗಲಿ. ಯಾರಾದರೂ ಮಾಡಿರಿ. ಯಾರೂ ಮಾಡದಿದ್ದರೆ ನಾನೇ ಎಲೆಯ ಪುಟದಿಂದ ಶುರು ಮಾಡುತ್ತೇನೆ.

ಮೊನ್ನೆ ಅಕ್ಕ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಾನು ಬದಿಗೆ ಕೂತು ಹಡಗಿನಿಂದ ಹೋಡಲ್‌ವರೆಗಿನ ಕಥೆ ಹೇಳಿದೆ. ಎರಡು ಇಂಗ್ಲಿಷರಿಗೆ ಬೈದಳು. ವಜೀರನ ಮುಂದೆ ನಿಂತದ್ದಕ್ಕೆ ‘ಶಾಣ್ಯಾ ಪಾರ’ ಅಂದಳು. ಆಮೇಲೆ ಮೊರ ನಿಲ್ಲಿಸಿ ಕೇಳಿದಳು.

‘ಅವರವ್ವಗ ಗೊತ್ತಾತೇನು, ಹಡಗ ಹತ್ಯಾನಂತ?’

‘ಅಪ್ಪ ಬ್ಯಾಡ ಅಂದಿದ್ದ ಅಂತ ಬರದಾನಕ್ಕ.’

‘ಅಪ್ಪಂದು ಅಲ್ಲೋ ತಮ್ಮಾ, ಅವ್ವಂದು ಕೇಳ್ದೆ.’

ಹೊತ್ತು ಮುಳುಗಿತ್ತು. ಅಕ್ಕ ತೊಗರಿ ಚೀಲಕ್ಕೆ ತುಂಬಿ, ಕೈ ತೊಳೆದುಕೊಂಡು, ಒಂಬತ್ತಾಗಲಿಕ್ಕೆ ಎಷ್ಟು ಹೊತ್ತದ ನೋಡು ಅಂದಳು.